ಅರ್ಧ ಕೇಳಿದ ಮಾತು

ಗ್ರೀಕರ ಬೆಳೆದೇವತೆ ಡಿಮೀಟರ್. ಅವಳ ಮಗಳು ಪರ್ಸೆಫೊನಿ ಪಾತಾಳದಲ್ಲಿರುವ ಗಂಡನ ಮನೆಗೆ ಇಳಿದು ಹೋದಳು. ತಾಯಿಯ ದುಃಖದಿಂದ ಭೂಮಿಗೆ ಚಳಿಗಾಲ ಬಂತು. ಮಗಳು ಮರಳಿದರೆ ಮಾತ್ರ ವಸಂತ. ವಸಂತ ಬಂದರೆ ಮಾತ್ರ ಮೊಳಕೆ. ಮಣ್ಣೊಳಗಿದ್ದ ಗೋಧಿಕಾಳು ಹೆದರಿ ಎರೆಹುಳುವನ್ನು ಕೇಳಿತು:

“ಅಣ್ಣಾ, ಅವಳು ನಿನ್ನ ಪಕ್ಕದಲ್ಲೇ ಇಳಿದಳಲ್ಲ, ತಾಯಿಗೆ ಏನು ಹೇಳಿದಳು? ಮರಳುತ್ತಾಳೆಯೇ?”

“‘ಅಮ್ಮಾ, ನಾನು ಹೋಗಿ’ ಎಂದಳು. ಅಷ್ಟರಲ್ಲಿ ನೆಲ ಮುಚ್ಚಿಕೊಂಡಿತು, ಮುಂದಿನದು ಕೇಳಿಸಲಿಲ್ಲ. ಆಸೆ ಬಿಡು ತಂಗಿ. ಸುಮ್ಮನೆ ಕೊಳೆತುಬಿಡು, ನನಗಾದರೂ ಊಟವಾಗುತ್ತದೆ.”

ಕಾಳು ಯೋಚಿಸಿತು. “‘ಹೋಗುತ್ತೇನೆ’ ಎನ್ನಲಿಲ್ಲ ತಾನೆ?”

“ಇಲ್ಲ. ‘ಹೋಗಿ’ ಎಂದಷ್ಟೇ.”

“ಹಾಗಾದರೆ ನಿನಗೆ ಕೇಳಿಸದೆ ಹೋದದ್ದು ‘ಬರುತ್ತೇನೆ’ ಎಂಬ ಮಾತೇ ಅಣ್ಣಾ,” ಎಂದು ಕಾಳು ತನ್ನ ಸಿಪ್ಪೆಯನ್ನು ಬಿಗಿಯಾಗಿ ಹೊದ್ದುಕೊಂಡಿತು.

ಎರೆಹುಳು ಹಸಿದುಕೊಂಡೇ ಮುಂದಕ್ಕೆ ತೆವಳಿತು.