ಮೂರು ಹಾಸ್ಟೆಲ್, ಒಂದೇ ಪ್ರಶ್ನೆ

ಗದುಗಿನ ದಾನೇಶ್ವರಿ ಹಗ್ಗ ಜಿಗಿಯಲು ನಿಂತರೆ ಹಗ್ಗ ಕಣ್ಣಿಗೇ ಕಾಣುತ್ತಿರಲಿಲ್ಲ. ಅದು ನೆಲಕ್ಕೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿಗೇ ಅವಳಿಗೆ ಬ್ಯಾಂಕಾಕ್ ನಗರದಲ್ಲಿ ನಡೆಯುವ ಪಂದ್ಯಕ್ಕೆ ಕರೆ ಬಂತು. ವಿಮಾನದ ಟಿಕೆಟ್ ಹಗ್ಗ ಜಿಗಿತದ ಸಂಘದವರು ಕೊಟ್ಟರು. ಉಳಿದುಕೊಳ್ಳುವ ವ್ಯವಸ್ಥೆ ಮಾತ್ರ ಅವರವರದೇ. ಒಬ್ಬಳನ್ನೇ ಅಷ್ಟು ದೂರ ಕಳಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಆಗ ಅವಳ ಅವ್ವನ ತಂಗಿ, ಚಿಗವ್ವ ನೀಲವ್ವ ತಾನು ಜೊತೆಗೆ ಹೋಗುತ್ತೇನೆಂದಳು.

ನೀಲವ್ವನದು ಹೊಲಿಗೆ ಮಷಿನ್ನಿನ ಅಂಗಡಿ. ಹಳೆಯ ಮಷಿನ್ ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದಳು. ಅಂಗಡಿಗೆ ಒಂದು ವಾರ ಬೀಗ ಹಾಕಿ, ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೇಬಿಟ್ಟಳು. ವಿಮಾನ ಏರಿದ್ದು ಅದೇ ಮೊದಲು. ಕಿಟಕಿಗೆ ಹಣೆ ಆನಿಸಿ ಕೂತವಳು ಇಳಿಯುವ ತನಕ ಕತ್ತು ತಿರುಗಿಸಲಿಲ್ಲ.

ದಾನೇಶ್ವರಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಡಿಮೆ ಖರ್ಚಿನ ಮೂರು ಹಾಸ್ಟೆಲ್‌ಗಳನ್ನು ಅವಳು ಮೊದಲೇ ಫೋನಿನಲ್ಲಿ ಹುಡುಕಿ ಇಟ್ಟಿದ್ದಳು. ಮೂರೂ ನದಿಯ ಹತ್ತಿರದ ಒಂದೇ ಓಣಿಯಲ್ಲಿದ್ದವು. ಮೂರರಲ್ಲೂ ಹೆಂಗಸರಿಗೆ ಬೇರೆ ಕೋಣೆ, ಒಂದರ ಮೇಲೊಂದು ಮಂಚ. ಅವಳ ಮನಸ್ಸು ಮಾತ್ರ ಮೊದಲನೆಯದರ ಮೇಲೇ ಕೂತಿತ್ತು. ಅಲ್ಲಿ ಬಾಗಿಲೊಳಗೇ ಉಯ್ಯಾಲೆ, ನೇರಳೆ ಬಣ್ಣದ ದೀಪಗಳು, ಮಹಡಿಯ ಮೇಲೆ ಈಜುಕೊಳ. ಉಯ್ಯಾಲೆಯಲ್ಲಿ ಕೂತ ಫೋಟೋ ಕಳಿಸುತ್ತೇನೆಂದು ಗೆಳತಿಯರಿಗೆ ಹೇಳಿಯೂ ಆಗಿತ್ತು.

ಗುರುವಾರ ಬೆಳಿಗ್ಗೆ ಅವರು ಆ ಹಾಸ್ಟೆಲ್ಲಿನ ಕೌಂಟರಿನ ಮುಂದೆ ನಿಂತರು. ಪಂದ್ಯ ಇದ್ದದ್ದು ಶನಿವಾರ, ನದಿಯ ಆಚೆ ದಡದಲ್ಲಿ. ದಾನೇಶ್ವರಿ ಪಾಸ್‌ಪೋರ್ಟ್ ತೆಗೆಯುವಷ್ಟರಲ್ಲಿ ನೀಲವ್ವ ಅವಳ ಕೈ ಹಿಡಿದಳು.

"ಇಲ್ಲಿ ಏನ್ ಸರಿ ಇಲ್ಲ ಅಂತ ಕೇಳು."

ದಾನೇಶ್ವರಿಗೆ ನಾಚಿಕೆಯಾಯಿತು. ಹಾಗೆಲ್ಲ ಕೇಳಿದರೆ ಅವರು ಏನು ತಿಳಿದುಕೊಂಡಾರು ಎಂದು ಪಿಸುಗುಟ್ಟಿದಳು.

"ಮಷಿನ್ ಕೊಳ್ಳುವಾಗ ನಾ ಕೇಳೂದು ಇದೊಂದ ಪ್ರಶ್ನೆ. ಕೇಳವಾ, ಏನಾಗೂದಿಲ್ಲ."

ದಾನೇಶ್ವರಿ ಇಂಗ್ಲಿಷಿನಲ್ಲಿ ಕೇಳಿದಳು. ಕೌಂಟರಿನ ತರುಣ ಚೆಂದಾಗಿ ನಕ್ಕು, ತಮ್ಮಲ್ಲಿ ಎಲ್ಲವೂ ಸರಿಯಾಗಿದೆ, ಯಾವ ಕೊರತೆಯೂ ಇಲ್ಲ ಎಂದ. ನೀಲವ್ವ ಚೀಲ ಹೆಗಲಿಗೇರಿಸಿ, ಇನ್ನೆರಡು ನೋಡಿ ಬರೋಣ ಎಂದು ಹೊರಗೆ ನಡೆದೇಬಿಟ್ಟಳು.

ಎರಡನೆಯ ಹಾಸ್ಟೆಲ್ಲಿನಲ್ಲೂ ಅದನ್ನೇ ಕೇಳಿದರು. ಅಲ್ಲಿನವನು ಜನ ಹೊಗಳಿ ಬರೆದದ್ದನ್ನೆಲ್ಲ ಫೋನಿನಲ್ಲಿ ಒಂದೊಂದಾಗಿ ತೋರಿಸಿದ.

ಮೂರನೆಯದರಲ್ಲಿ ಉಯ್ಯಾಲೆ ಇಲ್ಲ, ಬಣ್ಣದ ದೀಪ ಇಲ್ಲ. ನೆಲ ಒರೆಸುತ್ತಿದ್ದ ನಡುವಯಸ್ಸಿನ ಹೆಂಗಸು ಕೈ ಒರೆಸಿಕೊಂಡು ಬಂದಳು. ಅವಳೇ ಮನೆಯೊಡತಿ, ಹೆಸರು ಅರುಣಿ. ಪ್ರಶ್ನೆ ಕೇಳಿ ಅವಳು ನಗಲಿಲ್ಲ. ತನಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಲಿಫ್ಟ್ ಇಲ್ಲ, ಹೆಂಗಸರ ಕೋಣೆ ಮೂರನೆಯ ಮಹಡಿಯಲ್ಲಿ, ಹಿಂಬದಿಗಿದೆ. ಬಿಸಿನೀರು ಬೆಳಿಗ್ಗೆ ಎಂಟರವರೆಗೆ ಮಾತ್ರ. ಹಿಂದೆ ಶಾಲೆಯಿದೆ, ಆರೂವರೆಗೆ ಬ್ಯಾಂಡಿನ ಅಭ್ಯಾಸ ಶುರುವಾಗುತ್ತದೆ. ಶನಿವಾರ ಬೆಳಗಾದರೆ ಓಣಿಯ ತುಂಬ ಸಂತೆ, ಒಂದು ವಾಹನವೂ ಒಳಗೆ ಬರುವುದಿಲ್ಲ, ದೋಣಿ ನಿಲ್ಲುವ ಕಟ್ಟೆಗೆ ಹತ್ತು ನಿಮಿಷ ನಡೆಯಬೇಕು. ಶುಕ್ರವಾರ ರಾತ್ರಿ ಓಣಿಯ ತುದಿಯ ಊಟದ ಹೋಟೆಲಿನಲ್ಲಿ ಒಂದು ಗಂಟೆಯವರೆಗೂ ಹಾಡು ಹಾಕುತ್ತಾರೆ, ತಮ್ಮ ಮುಂದಿನ ಕೋಣೆಗಳಿಗೆ ಕೇಳಿಸುತ್ತದೆ, ಹಿಂದಿನ ಕೋಣೆಗೆ ಕೇಳಿಸುವುದಿಲ್ಲ.

ದಾನೇಶ್ವರಿಯ ಮುಖ ಸಪ್ಪಗಾಯಿತು. ಒಂದಲ್ಲ, ಎರಡಲ್ಲ, ಐದು ಕೊರತೆ. ಇಂಥಲ್ಲಿ ಯಾರಾದರೂ ಉಳಿಯುತ್ತಾರೆಯೇ ಎಂದು ಚಿಗವ್ವನ ಮೇಲೆ ಸಿಡುಕಿದಳು.

ನೀಲವ್ವ ಸಿಟ್ಟಾಗಲಿಲ್ಲ. "ಮಲಗಾಕಿ ನೀನು, ಜಿಗಿಯಾಕಿ ನೀನು. ಆರಿಸಾಕಿನೂ ನೀನ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ದಾನೇಶ್ವರಿಯೂ ಪಕ್ಕದಲ್ಲಿ ಕೂತಳು. ಓಣಿಯ ಆ ತುದಿಯಲ್ಲಿ ಹಾಡು ಹಾಕುವ ಹೋಟೆಲಿನ ಬೋರ್ಡು ಕಾಣುತ್ತಿತ್ತು. ಅದರ ಗೋಡೆಗೆ ಗೋಡೆ ಅಂಟಿಕೊಂಡಿತ್ತು ಉಯ್ಯಾಲೆಯ ಹಾಸ್ಟೆಲ್. ಶುಕ್ರವಾರ ರಾತ್ರಿ ನಿದ್ದೆ ಕೆಟ್ಟರೆ ಶನಿವಾರ ಕಾಲು ಏಳುವುದು ಹೇಗೆ? ಎದ್ದವಳೇ ಓಡಿದಳು. ಕೌಂಟರಿನ ತರುಣನಿಗೆ, ನಾಳೆ ಪಕ್ಕದಲ್ಲಿ ಹಾಡು ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂದು ನೇರವಾಗಿ ಕೇಳಿದಳು.

ಅವನು ಮತ್ತೆ ಅಷ್ಟೇ ಚೆಂದಾಗಿ ನಕ್ಕ. "ನಮ್ಮಲ್ಲಿಗೆ ನಿದ್ದೆ ಮಾಡೋಕೆ ಯಾರು ಬರ್ತಾರೆ?"

ಉಯ್ಯಾಲೆಯನ್ನು ಒಂದು ಸಲ ಕಣ್ತುಂಬ ನೋಡಿ ದಾನೇಶ್ವರಿ ಹೊರಗೆ ಬಂದಳು. ಅರುಣಿಯ ಹಾಸ್ಟೆಲ್ಲಿನ ಹಿಂದಿನ ಕೋಣೆಯಲ್ಲಿ ಎರಡು ಮಂಚ ಹಿಡಿದಳು.

ಒಮ್ಮೆ ತೀರ್ಮಾನವಾದ ಮೇಲೆ ಅವಳ ಹುರುಪು ಇಮ್ಮಡಿಯಾಗಿ ಮರಳಿ ಬಂತು. ಟುಕ್‌ಟುಕ್ ಎಂಬ ಅಲ್ಲಿನ ಆಟೋ ಏರಿ ಊರು ಸುತ್ತಿದರು. ಮಾವಿನ ಹಣ್ಣಿನ ಜೊತೆ ತೆಂಗಿನ ಹಾಲಿನ ಸಿಹಿ ಅನ್ನ ತಿಂದರು. ನೀಲವ್ವ ಅದನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಶುಕ್ರವಾರ ಸಂಜೆ ಅಭ್ಯಾಸ ಮುಗಿಸಿ ದಾನೇಶ್ವರಿ ಬೇಗ ಮಲಗಿದಳು, ಒಳ್ಳೆಯ ನಿದ್ದೆ ಬಂತು.

ಶನಿವಾರ ಅರುಣಿ ಹೇಳಿದ್ದೆಲ್ಲ ಅಕ್ಷರಶಃ ನಡೆಯಿತು. ಆರೂವರೆಗೆ ಬ್ಯಾಂಡು ಎಬ್ಬಿಸಿತು. ಎಂಟರೊಳಗೆ ಸ್ನಾನ ಮುಗಿಸಿದರು. ಓಣಿಯಲ್ಲಿ ಸಂತೆ ಕಿಕ್ಕಿರಿದಿತ್ತು. ಉಯ್ಯಾಲೆಯ ಹಾಸ್ಟೆಲ್ಲಿನ ಬಾಗಿಲಲ್ಲಿ ಮೂರು ಜನ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ, ಬಾರದ ಕಾರಿಗಾಗಿ ಕಾಯುತ್ತಿದ್ದರು. ಇವರಿಬ್ಬರು ನಡೆದು ಕಟ್ಟೆ ಸೇರಿ, ದೋಣಿ ಹತ್ತಿ, ಗಾಳಿಗೆ ಮುಖವೊಡ್ಡಿ ನದಿ ದಾಟಿದರು.

ಒಬ್ಬೊಬ್ಬರೇ ಜಿಗಿಯುವ ಸುತ್ತಿನಲ್ಲಿ ದಾನೇಶ್ವರಿ ನಾಲ್ಕನೆಯವಳಾದಳು. ಕೂದಲೆಳೆಯಲ್ಲಿ ಪದಕ ತಪ್ಪಿತ್ತು. ಕೊನೆಯದು ಜೋಡಿ ಸುತ್ತು. ಚೀಟಿ ಎತ್ತಿ ಬೇರೆ ಬೇರೆ ದೇಶದವರನ್ನು ಜೋಡಿ ಮಾಡಿದರು. ಅವಳ ಪಾಲಿಗೆ ಬಂದವಳು ವಿಯೆಟ್ನಾಮಿನ ಲಾನ್. ತಯಾರಿಗೆ ಅರ್ಧ ಗಂಟೆ. ನಿನಗೆ ಏನೇನು ಬರುತ್ತದೆ ಎಂದು ಲಾನ್ ಕೇಳಿದಳು.

ಎಲ್ಲಾ ಬರುತ್ತದೆ ಎಂಬ ಮಾತು ದಾನೇಶ್ವರಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಎಡಗೈಯಲ್ಲಿ ಒಂದು ತೊಂದರೆಯಿತ್ತು. ಎರಡೂ ಕೈಗಳನ್ನು ಕತ್ತರಿಯಂತೆ ಅಡ್ಡ ಹಾಕಿ ಜಿಗಿಯುವಾಗ ಅರ್ಧ ನಿಮಿಷ ಕಳೆದರೆ ಮಣಿಕಟ್ಟು ಸೋತು ಹಗ್ಗ ಕಾಲಿಗೆ ಸಿಕ್ಕುತ್ತಿತ್ತು. ಇದನ್ನು ಅವಳು ತರಬೇತುದಾರರಿಗೂ ಹೇಳಿರಲಿಲ್ಲ. ಆದರೂ ಎಡ ಮಣಿಕಟ್ಟನ್ನು ಮುಂದೆ ಚಾಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಲಾನ್ ನಿಟ್ಟುಸಿರು ಬಿಟ್ಟು ತನ್ನ ಮಂಡಿ ಮುಟ್ಟಿ ತೋರಿಸಿದಳು. ಕಳೆದ ವರ್ಷ ಬಿದ್ದ ಪೆಟ್ಟು, ಪಲ್ಟಿ ಹೊಡೆದು ನಿಲ್ಲಲು ಆಗುವುದಿಲ್ಲ, ಮುಚ್ಚಿಡಬೇಕೆಂದುಕೊಂಡಿದ್ದೆ ಎಂದಳು.

ಇಬ್ಬರೂ ಕೂತು ಆಟವನ್ನು ತಮಗೆ ತಕ್ಕಂತೆ ಕಟ್ಟಿದರು. ಕೈ ಅಡ್ಡ ಹಾಕುವುದೆಲ್ಲ ಮೊದಲ ಅರ್ಧ ನಿಮಿಷದಲ್ಲೇ ಮುಗಿಯಬೇಕು. ಪಲ್ಟಿ ಬೇಡವೇ ಬೇಡ. ಅದರ ಬದಲು ಒಬ್ಬಳ ಹಗ್ಗದೊಳಗೆ ಇನ್ನೊಬ್ಬಳು ನುಗ್ಗಿ ಜಿಗಿಯುವುದು.

ಒಂದೂವರೆ ನಿಮಿಷದ ಆಟದಲ್ಲಿ ಹಗ್ಗ ಒಮ್ಮೆಯೂ ಸಿಕ್ಕಲಿಲ್ಲ. ಪಲ್ಟಿ ಹೊಡೆದ ಎಷ್ಟೋ ಜೋಡಿಗಳು ನಡುವೆ ಎಡವಿದವು. ಅಂಕದ ಹಲಗೆಯ ಮೇಲೆ ಮೂರನೆಯ ಸ್ಥಾನದಲ್ಲಿ ಇವರಿಬ್ಬರ ಹೆಸರು ಮೂಡಿದಾಗ, ಅಷ್ಟು ದೊಡ್ಡ ಜನಸಂದಣಿಯಲ್ಲಿ ನೀಲವ್ವ ಬೆಂಚಿನ ಮೇಲೆ ಹತ್ತಿ ನಿಂತು ಕನ್ನಡದಲ್ಲೇ ಕೂಗುತ್ತಿದ್ದಳು. ಕೊರಳಲ್ಲಿ ಕಂಚಿನ ಪದಕ ತೂಗಿಸಿಕೊಂಡು ದಾನೇಶ್ವರಿ ಲಾನ್‌ಳ ಕೈ ಹಿಡಿದೆಳೆದು ಚಿಗವ್ವನ ಕಡೆಗೆ ಓಡಿದಳು.

ನೀತಿ: ಕೊರತೆಯಿಲ್ಲದ ಮನೆಯೂ ಇಲ್ಲ, ಮನುಷ್ಯರೂ ಇಲ್ಲ. ತಮ್ಮಲ್ಲಿ ಏನು ಸರಿಯಿಲ್ಲ ಎಂದು ಮೊದಲೇ ಹೇಳುವವರನ್ನು ನಂಬಬಹುದು. ಹಾಗೆ ಹೇಳುವ ಧೈರ್ಯ ನಮಗಿದ್ದರೆ, ನಮ್ಮನ್ನೂ ಇನ್ನೊಬ್ಬರು ನಂಬುತ್ತಾರೆ.