ಕೋರ್ಟು ಮನ್ನಾ ಮಾಡದ ಮುಯ್ಯಿ

ಬನ್ನಿ ಮಕ್ಕಳೇ, ಕಾಲು ಚಾಚಿ ಕೂತು ಕೇಳಿ.

ಜವಳಿ ಅಂಗಡಿ ಪಂಚಾಕ್ಷರಿ ಶೆಟ್ಟರು ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿ, ಸಾಲವನ್ನೆಲ್ಲ ಕಳಚಿಕೊಂಡು ಬಂದರು. ಅಷ್ಟರಲ್ಲಿ ಹೂ ಮಾರುವ ದೇವೀರಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಹಿಂದೆ ಶೆಟ್ಟರ ಹಿರಿಮಗಳ ಮದುವೆಗೆ ದೇವೀರಮ್ಮ ತಾಮ್ರದ ಹಂಡೆ ಮುಯ್ಯಿ ಮಾಡಿದ್ದಳು. ಶೆಟ್ಟರು ಆ ಮುಯ್ಯಿ ತಿರುಗಿ ಮಾಡಿದರಷ್ಟೇ ಅವಳ ಮಗಳಿಗೆ ಹಂಡೆ. ಅದನ್ನ ಕೇಳೋಕೆ ಶೆಟ್ಟರ ಹತ್ತಿರ ಹೋದಳು.

“ಮುಯ್ಯಿಯೂ ಸಾಲವೇ. ಕೋರ್ಟು ಎಲ್ಲ ಮನ್ನಾ ಮಾಡಿದೆ, ನಡಿ,” ಅಂದರು ಶೆಟ್ಟರು.

“ಆಗಲಿ ಶೆಟ್ರೇ. ಹೂ ಕೊಡೋಕೆ ಮನೆಮನೆಗೂ ಹೋಗ್ತೀನಲ್ಲ, ಮುಯ್ಯಿ ಮನ್ನಾ ಆಯ್ತು ಅಂತ ಹೇಳ್ಬಿಡ್ತೀನಿ. ನಿಮ್ಮ ಕಿರಿಮಗಳ ಮದುವೆಗೆ ಎಲ್ಲಾರೂ ಬರೀಕೈಲಿ ಬಂದು ಉಂಡು ಹೋಗಲಿ, ಪಾಪ.”

ಶೆಟ್ಟರು ಎಲೆಅಡಿಕೆ ಜಗಿಯೋದನ್ನೇ ನಿಲ್ಲಿಸಿದರು. “ತಾಳು ದೇವೀರಮ್ಮ. ಮುಯ್ಯಿ ವಿಚಾರ ಕೋರ್ಟಿನವರಿಗೇನು ಗೊತ್ತು?”

ಮದುವೆಗೆ ಹಂಡೆ ಬಂತು, ಜೊತೆಗೊಂದು ಬಿಂದಿಗೆಯೂ ಬಂತು. ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಶೆಟ್ಟರ ಕಿರಿಮಗಳಿಗೆ ಊರೆಲ್ಲ ಮುಯ್ಯಿ ಮಾಡಿತು. ದೇವೀರಮ್ಮ ಈಗಲೂ ಶೆಟ್ಟರ ಮನೆಗೆ ಹೂ ಕೊಡ್ತಾಳೆ, ಕೈಗೆ ಕಾಸು ಬಿದ್ದ ಮೇಲೆ.