ಅಂಬಿಗನ ಬಲಗೈ

“ಗುರುಗಳೇ, ಮನಶ್ಶಾಸ್ತ್ರ ಮನುಷ್ಯನನ್ನು ಗಾಯಗೊಂಡವನು ಎನ್ನುತ್ತದೆ. ನಮ್ಮ ಸತ್ಯವೇದ ಅವನನ್ನು ಬಿದ್ದವನು ಎನ್ನುತ್ತದೆ. ನಾಳೆ ಒಬ್ಬನು ನನ್ನ ಮುಂದೆ ಕೂತು ಅತ್ತರೆ ನಾನು ಅವನ ಗಾಯ ನೋಡಬೇಕೋ, ಪಾಪ ನೋಡಬೇಕೋ?”

ಕೇಳಿದವನು ಪ್ರಭುದಾಸ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ, ಆಮೇಲೆ ಕ್ರೈಸ್ತ ಬೋಧಕನಾಗಬೇಕೆಂದು ಯೋಬಪ್ಪ ಅಯ್ಯನವರ ಬಳಿ ಕಲಿಯಲು ಬಂದಿದ್ದ. ಮುಂದಿನ ತಿಂಗಳು ಒಂದು ಊರಿನ ಸಭೆಯನ್ನು ಅವನಿಗೆ ಒಪ್ಪಿಸುವವರಿದ್ದರು. ಆ ಊರಿನ ಜನ ತನ್ನ ಮುಂದೆ ಏನೇನು ತಂದು ಸುರಿಯುತ್ತಾರೋ ಎಂದು ಅವನಿಗೆ ಈಗಿನಿಂದಲೇ ದಿಗಿಲು.

ಅಯ್ಯನವರಿಗೆ ಎಂಬತ್ತು ದಾಟಿತ್ತು. “ನಿನ್ನ ತಲೆಯಲ್ಲಿ ಎರಡು ಕಪಾಟುಗಳಿವೆ. ಎರಡನ್ನೂ ಸ್ವಲ್ಪ ಹೊತ್ತು ಮುಚ್ಚು. ಆ ಪೆನ್ನನ್ನೂ ಜೇಬಿಗೆ ಹಾಕು,” ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು.

ಒಂದು ನದಿಗೆ ಒಬ್ಬ ಅಂಬಿಗನಿದ್ದ. ಅವನದು ಹರಿಗೋಲು. ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡು ದೋಣಿ. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಆ ನದಿಯಲ್ಲಿ ಒಂದು ರೂಢಿಯಿತ್ತು. ಅಂಬಿಗನ ಬಲಗೈ ಹಿಡಿಯದೆ ಯಾರೂ ಹರಿಗೋಲು ಹತ್ತುತ್ತಿರಲಿಲ್ಲ. ಅವನು ಕೈ ಕೊಟ್ಟನೆಂದರೆ ದಾಟಿಸುತ್ತೇನೆಂದು ಮಾತು ಕೊಟ್ಟ ಹಾಗೆ.

ಒಂದು ಮಳೆಗಾಲ ಅವನೂ ಅವನ ಅಣ್ಣನೂ ಆಚೆ ದಡದಿಂದ ಬರುತ್ತಿದ್ದರು. ಇನ್ನೇನು ಈಚೆ ದಡ ಸಿಕ್ಕಿತು ಎನ್ನುವಾಗ ಹರಿಗೋಲು ಸುಳಿಗೆ ಸಿಕ್ಕಿ ವಾಲಿತು. ಅಣ್ಣ ನೀರಿಗೆ ಬಿದ್ದ. ಅಂಬಿಗ ಬಲಗೈಯಿಂದ ಅವನ ಮುಂಗೈ ಹಿಡಿದ. ಹಿಡಿದಷ್ಟೂ ಹರಿಗೋಲು ಅತ್ತಲೇ ವಾಲುತ್ತಿತ್ತು. ಆಮೇಲೆ ನೋಡಿದರೆ ಕೈ ಖಾಲಿಯಾಗಿತ್ತು.

ಊರವರು ಹೊಳೆ ಎಳೆದುಕೊಂಡಿತು ಎಂದರು. ಅಂಬಿಗ ಹೂಂ ಎಂದ. ಆದರೆ ಆ ಗಳಿಗೆಯಲ್ಲಿ ಅವನ ಕೈಯಲ್ಲಿ ಇನ್ನೂ ಬಲವಿತ್ತು. ಬಲ ಮುಗಿಯುವ ಮೊದಲೇ ಬೆರಳುಗಳು ಬಿಚ್ಚಿಕೊಂಡಿದ್ದವು. ಕೈ ತಾನಾಗಿ ಬಿಟ್ಟಿತೋ, ತಾನೇ ಬಿಟ್ಟನೋ, ಅದೊಂದು ಅವನಿಗೆ ತಿಳಿಯಲಿಲ್ಲ.

ಅವನು ದಡದಲ್ಲಿ ಒಂದು ಗೂಟ ನೆಟ್ಟು ಹಗ್ಗ ಕಟ್ಟಿದ. ಹತ್ತುವವರು ಇನ್ನು ಹಗ್ಗ ಹಿಡಿದು ಹತ್ತಲಿ ಎಂದ. ಒಳ್ಳೇ ಅನುಕೂಲ ಮಾಡಿದೆ ಎಂದು ಜನ ಹೊಗಳಿದರು. ಜನರಿಗೇನು, ಅನುಕೂಲವಾದರೆ ಸಾಕು, ಕಾರಣ ಯಾರಿಗೆ ಬೇಕು? ಅವನಿಗೆ ನಾಲ್ಕು ವರ್ಷದ ಮಗಳಿದ್ದಳು. ನಡೆಯುವಾಗ ಅವಳು ಕೈ ಚಾಚಿದರೆ ಅವನು ಹೆಗಲ ಮೇಲಿನ ವಲ್ಲಿಯ ತುದಿ ಕೊಡುತ್ತಿದ್ದ. ಮಗು ಅದನ್ನೇ ಅಪ್ಪನ ಕೈ ಎಂದುಕೊಂಡು ಹಿಡಿದು ನಡೆಯುತ್ತಿತ್ತು.

ಹಗಲು ಹೊತ್ತಿನಲ್ಲೇ ಅವನಿಗೆ ಕನಸು ಬೀಳತೊಡಗಿತು. ಹುಟ್ಟು ಹಾಕುತ್ತಿರುವಾಗ, ಕಣ್ಣು ತೆರೆದಿರುವಾಗಲೇ ಬೀಳುವ ಕನಸು. ನದಿ ತನ್ನ ಅಂಗೈಯಿಂದ ಹೊರಟು ಹರಿಯುತ್ತಿದೆ. ಮುಷ್ಟಿ ಬಿಗಿದರೆ ನದಿ ನಿಲ್ಲುತ್ತದೆ. ನಿಂತ ನೀರಿನ ತಳದಲ್ಲಿ ಅಣ್ಣ ಕೂತು ಬೀಡಿ ಹಚ್ಚುತ್ತಿದ್ದಾನೆ. ಕಡ್ಡಿ ಹೊತ್ತಿಕೊಳ್ಳುತ್ತದೆ. ಅಣ್ಣ ತಲೆಯೆತ್ತುವಷ್ಟರಲ್ಲಿ ಮುಷ್ಟಿ ಸಡಿಲಾಗುತ್ತದೆ, ನದಿ ಮತ್ತೆ ಹರಿಯುತ್ತದೆ. ಹರಿಗೋಲಿನಲ್ಲಿ ಕೂತವರು, ಏನಯ್ಯಾ, ಅಲ್ಲೇ ಸುತ್ತುತ್ತಿದ್ದೀಯಲ್ಲ ಎಂದು ಕೂಗಿದಾಗ ಅವನಿಗೆ ಎಚ್ಚರ.

ಈಚೆ ದಡದ ಪೇಟೆಯಲ್ಲಿ ಒಬ್ಬ ಮನೋವೈದ್ಯನಿದ್ದ. ಅಂಬಿಗ ಅವನಲ್ಲಿಗೆ ಹೋದ. ವೈದ್ಯ ಒಳ್ಳೆಯವನು, ಅವಸರವಿಲ್ಲದೆ ಕೇಳಿದ. ಅಂಬಿಗ ಚಿಕ್ಕಂದಿನಲ್ಲಿ ಬಾವಿಗೆ ಬಿದ್ದು ಬದುಕಿದ್ದನ್ನು ಅವನ ಬಾಯಿಂದಲೇ ಹೊರಡಿಸಿದ. ಆ ಭಯ ನಿನ್ನ ಬೆರಳುಗಳಲ್ಲಿ ಉಳಿದುಕೊಂಡಿದೆ, ಹೇಗಾದರೂ ಬದುಕಬೇಕೆಂಬುದು ದೇಹದ ಸ್ವಭಾವ, ಕೈ ತಾನಾಗಿ ಬಿಟ್ಟಿತು, ನೀನು ಬಿಡಲಿಲ್ಲ ಎಂದ. ಅಂಬಿಗನ ಎದೆ ಹಗುರಾಯಿತು. ಎಂಟು ದಿನ ಹೊಟ್ಟೆ ತುಂಬ ಉಂಡ. ಒಂಬತ್ತನೆಯ ದಿನ ಮಗಳು ಕೈ ಚಾಚಿದಳು. ತಾನಾಗಿ ಬಿಟ್ಟ ಕೈ ನಾಳೆಯೂ ತಾನಾಗಿ ಬಿಟ್ಟೀತು ಎನಿಸಿತು. ವಲ್ಲಿಯ ತುದಿ ಕೊಟ್ಟ.

ಆಚೆ ದಡದ ಊರಿನಲ್ಲಿ ಒಬ್ಬ ಬೋಧಕನಿದ್ದ. ಅಂಬಿಗ ಅವನಲ್ಲಿಗೂ ಹೋದ. ಬೋಧಕರ ಗಂಟಲು ನಿನಗೆ ಗೊತ್ತೇ ಇದೆ, ಅವನು ಮೊದಲನೆಯ ಮನುಷ್ಯನಿಂದ ಶುರುಮಾಡಿದ. ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಮಾಡಿದ, ಮನುಷ್ಯ ತನ್ನನ್ನೇ ಮೊದಲು ಪ್ರೀತಿಸಿ ಕೆಟ್ಟ, ನೀನು ಅವನ ವಂಶದವನು, ಕೈ ಬಿಟ್ಟದ್ದು ನೀನೇ, ಒಪ್ಪಿಕೋ, ದೇವರು ಕ್ಷಮಿಸುತ್ತಾನೆ ಎಂದ. ಅಂಬಿಗ ಒಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಆ ಅಳುವಿನಲ್ಲಿ ಸುಖವಿತ್ತು. ಮತ್ತೆ ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದ. ಆಮೇಲೆ ಮಗಳು ಕೈ ಚಾಚಿದಳು. ದೇವರೇನೋ ಕ್ಷಮಿಸಿದ, ಆದರೆ ಸ್ವಂತ ಅಣ್ಣನನ್ನೇ ಬಿಟ್ಟವನ ಕೈಯನ್ನು ಈ ಮಗು ಯಾಕೆ ನಂಬಬೇಕು ಎನಿಸಿತು. ಮತ್ತೆ ವಲ್ಲಿಯೇ ಗತಿ.

ಹೀಗೆ ಅವನು ಆ ದಡಕ್ಕೂ ಈ ದಡಕ್ಕೂ ತಿರುಗಿದ. ಕೆಲವು ದಿನ ಹರಿಗೋಲು ಸುತ್ತುವಾಗ ಯಾವುದು ಆಚೆ, ಯಾವುದು ಈಚೆ ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು.

ಅಣ್ಣನ ಹೆಂಡತಿ ಒಂದು ವರ್ಷದಿಂದ ನದಿಯ ಕಡೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ಬಂದಳು. ಆಚೆ ದಡದ ತವರಿನಲ್ಲಿ ಅವಳ ತಾಯಿಗೆ ಕಾಯಿಲೆ. ನೀರಿನ ಮೇಲೆ ಮಂಜು ಕವಿದಿತ್ತು. ಅವಳು ಹಗ್ಗದ ಹತ್ತಿರ ಹೋಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಕೈ ಚಾಚಿದಳು.

“ಹಗ್ಗ ಹಿಡಕೊಳ್ರಿ ಅತ್ತಿಗಿ,” ಎಂದ ಅಂಬಿಗ.

“ಹಗ್ಗ ಬ್ಯಾಡ. ಕೈ ಕೊಡು.”

“ಇದು ಅದೇ ಕೈರಿ.”

“ಗೊತ್ತೈತಿ. ಅವತ್ತು ನಾ ದಂಡಿ ಮ್ಯಾಲೆ ನಿಂತಿದ್ದೆ. ಬೆರಳು ಬಿಚ್ಚಿದ್ದು ನೋಡೀನಿ.”

ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಹಾಗೆಂದು ಅವಳೇನೂ ದೇವತೆಯಲ್ಲ. ವರ್ಷವೆಲ್ಲ ಮೈದುನನ ಹೆಸರೆತ್ತಿದರೆ ಮುಖ ತಿರುಗಿಸಿದವಳು. ಈಗಲೂ ಅವನ ಮುಖ ನೋಡಲಿಲ್ಲ. ಆದರೆ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಅಂಬಿಗ ಹುಟ್ಟನ್ನು ಎಡಗೈಗೆ ತೆಗೆದುಕೊಂಡ. ಆಮೇಲೆ ಬಲಗೈ ಕೊಟ್ಟ.

ಹತ್ತಿ ಕೂತ ಮೇಲೂ ಅವಳು ಕೈ ಬಿಡಲಿಲ್ಲ. ಅವನು ಎಡಗೈಯೊಂದರಿಂದಲೇ ಹುಟ್ಟು ಹಾಕಿದ. ಹಾಗೆ ಹಾಕಿದರೆ ಹರಿಗೋಲು ಸುತ್ತುತ್ತದೆ, ನೆಟ್ಟಗೆ ಹೋಗುವುದಿಲ್ಲ. ಸುಳಿಯಿದ್ದ ಜಾಗ ಬಂತು, ಹೋಯಿತು. ಸುತ್ತುತ್ತ ಸುತ್ತುತ್ತ ಎರಡು ದಡಗಳೂ ಮಂಜಿನಲ್ಲಿ ಇಲ್ಲವಾದವು. ನೀರಿನ ಸದ್ದೂ ಅಡಗಿತು.

“ಅತ್ತಿಗಿ, ಕೈ ತಾನ ಬಿಟ್ಟಿತೋ, ನಾ ಬಿಟ್ಟೆನೋ?” ಎಂದು ಅವನು ಕೇಳಿದ.

“ಅದು ನನಗ ಗೊತ್ತಿಲ್ಲ. ಈಗ ಹಿಡದಾಂವ ಯಾರು?”

ಅಂಬಿಗ ನೋಡಿದ. ಅವಳು ಯಾವಾಗಲೋ ಬೆರಳು ಸಡಿಲಿಸಿದ್ದಳು. ಹಿಡಿದುಕೊಂಡಿದ್ದವನು ಅವನೇ.

“ನಾನು,” ಎಂದ.

ಹರಿಗೋಲು ಎರಡು ಮೈಲಿ ಕೆಳಗೆ, ದಾರಿಯೇ ಇಲ್ಲದ ಕಡೆ ಹೋಗಿ ದಡ ಮುಟ್ಟಿತು. ಎಲ್ಲಿಗೆ ತಂದು ಹಾಕಿದೆಯೋ ಮಾರಾಯ ಎಂದು ಬೈದುಕೊಳ್ಳುತ್ತಲೇ ಅವಳು ಇಳಿದು ತವರಿನ ಕಡೆ ನಡೆದಳು. ಸಂಜೆ ಅವನು ಮನೆಗೆ ಬಂದಾಗ ಮಗಳು ಓಡಿಬಂದು ಅಭ್ಯಾಸದಂತೆ ವಲ್ಲಿಗೆ ಕೈ ಹಾಕಿದಳು. ಅವನು ವಲ್ಲಿಯನ್ನು ತೆಗೆದು ಗೋಡೆಯ ಗೂಟಕ್ಕೆ ಹಾಕಿ, ಕೈ ಕೊಟ್ಟ.

ಅಯ್ಯನವರು ಕಣ್ಣು ತೆರೆದರು. ಪ್ರಭುದಾಸನ ಪೆನ್ನು ಜೇಬಿನಲ್ಲೇ ಇತ್ತು. ಆದರೂ ಕಲಿತ ಬುದ್ಧಿ ಎಲ್ಲಿ ಹೋಗುತ್ತದೆ?

“ಹಾಗಾದರೆ ಗುರುಗಳೇ, ವೈದ್ಯ ಹೇಳಿದ್ದೂ ಬೋಧಕ ಹೇಳಿದ್ದೂ ಸುಳ್ಳೇ?”

“ಎರಡೂ ಸುಳ್ಳಲ್ಲ ಮಗನೇ; ಆ ಬೋಧಕ ನಾನೇ, ಅಂಬಿಗನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ, ಅವನ ಕೈ ಹಿಡಿಯಲಿಲ್ಲ.”